ಧ್ವನಿಮುದ್ರಿಕೆಯೆಂಬ ಆಕರ: ಜಾಝ್ ಸಂಗೀತದ ಚರಿತ್ರೆಯೂ ಸಂಗ್ರಾಹಕರ ಪಾತ್ರವೂ

ಚರಿತ್ರೆಯ ಆಕರಗಳೆಂದೊಡನೆ ಶಾಸನ, ನಾಣ್ಯ, ತಾಳೆಯೋಲೆ, ಸರಕಾರಿ ಕಡತ ಇವು ನಮ್ಮ ನೆನಪಿಗೆ ಬರುತ್ತವೆ. ಧ್ವನಿಯೂ ಒಂದು ಆಕರವಾಗಬಲ್ಲುದೆಂಬ ಮಾತು ಹತ್ತೊಂಬತ್ತನೆಯ ಶತಮಾನದ ಬಹುಭಾಗ ಯಾರಿಗೂ ಹೊಳೆದಿರಲಿಲ್ಲ. ೧೮೭೭ರಲ್ಲಿ ಎಡಿಸನ್ ಫೋನೋಗ್ರಾಫನ್ನು ನಿರ್ಮಿಸಿದ ಮೇಲೆ, ಆಡಿದೊಡನೆ ಅಳಿದುಹೋಗುತ್ತಿದ್ದ ನಾದಕ್ಕೆ ಮೊದಲ ಬಾರಿಗೆ ಒಂದು ಶರೀರ ದೊರೆಯಿತು. ಆದರೆ ಶರೀರ ದೊರೆತ ಮಾತ್ರಕ್ಕೆ ಆಯುಸ್ಸು ದೊರೆಯುವುದೆಂದು ಹೇಳಲಾಗದು. ಕೆತ್ತಿದ ಕಲ್ಲು ಬಾವಿಯ ಕಟ್ಟೆಗೆ ಸೇರಿಹೋಗುವಂತೆ, ಮುದ್ರಿಸಿದ ತಟ್ಟೆಯೂ ಕಸದ ರಾಶಿಗೆ ಸೇರಬಹುದು. ಅಮೆರಿಕೆಯ ಜಾಝ್ ಸಂಗೀತದ ಹಳೆಯ ಧ್ವನಿಮುದ್ರಿಕೆಗಳು ಹೇಗೆ ಉಳಿದುವು, ಯಾರು ಉಳಿಸಿದರು, ಉಳಿದವುಗಳನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಮೂರು ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಬೇಕೆಂದಿದ್ದೇವೆ.

ಜಾಝ್ ಸಂಗೀತದ ಮಟ್ಟಿಗೆ ಈ ಪ್ರಶ್ನೆಗಳು ವಿಶೇಷ ಮಹತ್ವವುಳ್ಳವು. ಐರೋಪ್ಯ ಶಾಸ್ತ್ರೀಯ ಸಂಗೀತದಲ್ಲಿ ಕೃತಿಕಾರನ ಬರೆಹವೇ ಪ್ರಮಾಣ. ಆತನು ತೀರಿಕೊಂಡರೂ ಸ್ವರಲಿಪಿ ಉಳಿಯುತ್ತದೆ. ಜಾಝಿನಲ್ಲಿಯಾದರೋ ವಾದ್ಯಗಾರನ ಮನೋಧರ್ಮವೇ ಪ್ರಧಾನ. ನಮ್ಮ ಸಂಗೀತಗಾರರ ಆಲಾಪನೆಯಂತೆ ಅದು ಆ ಕ್ಷಣದಲ್ಲಿ ಹುಟ್ಟಿ ಆ ಕ್ಷಣದಲ್ಲಿಯೇ ಮುಗಿಯುವಂಥದು. ಉಸಿರಿನ ಏರಿಳಿತ, ಲಯದ ತುಸು ಹಿಂದುಮುಂದು, ನಾದದ ಒರಟುತನ ಇವಾವುವೂ ಲಿಪಿಗೆ ಸಿಕ್ಕುವುದಿಲ್ಲ. ಆದುದರಿಂದ ಮುದ್ರಿಕೆಯಿಲ್ಲದ ಜಾಝ್ ಕಲಾವಿದನು ಚರಿತ್ರೆಯಲ್ಲಿ ಕೇವಲ ಹೆಸರಾಗಿ ನಿಲ್ಲುತ್ತಾನೆ.

ಇದಕ್ಕೆ ಬಡ್ಡಿ ಬೋಲ್ಡನನೇ ನಿದರ್ಶನ. ಫೋನೋಗ್ರಾಫ್ ಹುಟ್ಟಿದ ೧೮೭೭ರಲ್ಲಿಯೇ ನ್ಯೂ ಆರ್ಲಿಯನ್ಸ್ ನಗರದಲ್ಲಿ ಹುಟ್ಟಿದ ಈ ಕಾರ್ನೆಟ್ ವಾದಕನನ್ನು ಸಮಕಾಲೀನರು ಜಾಝಿನ ಆದ್ಯರಲ್ಲೊಬ್ಬನೆಂದು ಸ್ಮರಿಸಿರುವರು. ಚಿತ್ತವಿಕಾರಕ್ಕೆ ತುತ್ತಾದ ಆತನನ್ನು ೧೯೦೭ರಲ್ಲಿ ಆಸ್ಪತ್ರೆಗೆ ಸೇರಿಸಿದರು. ೧೯೩೧ರಲ್ಲಿ ಅಲ್ಲಿಯೇ ಆತನು ಮರಣಹೊಂದಿದನು. ಆತನ ವಾದನವನ್ನು ಮೇಣದ ಉರುಳೆಯೊಂದರಲ್ಲಿ ಹಿಡಿದಿದ್ದರೆಂಬ ಐತಿಹ್ಯವುಂಟು. ಆ ಉರುಳೆ ಈವರೆಗೆ ದೊರೆತಿಲ್ಲ. ಇತ್ತ, ಜಾಝ್ ಎಂಬ ಹೆಸರಿನಲ್ಲಿ ಮಾರಾಟವಾದ ಮೊತ್ತಮೊದಲ ತಟ್ಟೆಯನ್ನು ೧೯೧೭ರ ಫೆಬ್ರವರಿ ೨೬ರಂದು ನ್ಯೂಯಾರ್ಕಿನಲ್ಲಿ ವಿಕ್ಟರ್ ಕಂಪನಿಗಾಗಿ ನುಡಿಸಿದವರು ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಝ್ ಬ್ಯಾಂಡಿನ ಐವರು ಬಿಳಿಯರು. ನ್ಯೂ ಆರ್ಲಿಯನ್ಸಿನ ಕಪ್ಪು ವಾದ್ಯಗಾರರ ಪೈಕಿ ಕಿಡ್ ಓರಿಯ ಮೇಳ ೧೯೨೨ರಲ್ಲಿ ಲಾಸ್ ಏಂಜಲೀಸಿನಲ್ಲಿಯೂ ಕಿಂಗ್ ಆಲಿವರನ ಮೇಳ ೧೯೨೩ರ ಏಪ್ರಿಲಿನಲ್ಲಿ ಇಂಡಿಯಾನಾ ಪ್ರಾಂತದ ರಿಚ್ಮಂಡಿನಲ್ಲಿಯೂ ಮುದ್ರಣಯಂತ್ರದ ಮುಂದೆ ಕುಳಿತುವು. ಮುದ್ರಿಕೆಗಳ ಕಾಲಾನುಕ್ರಮವನ್ನೇ ಚರಿತ್ರೆಯ ಕಾಲಾನುಕ್ರಮವೆಂದು ಭಾವಿಸಿದರೆ, ಜಾಝನ್ನು ಸೃಷ್ಟಿಸಿದವರು ಬಿಳಿಯರು, ಅನುಸರಿಸಿದವರು ಕರಿಯರು ಎಂಬ ತಲೆಕೆಳಗಾದ ತೀರ್ಮಾನಕ್ಕೆ ಬರಬೇಕಾಗುತ್ತದೆ. ಆಕರದ ಅಭಾವವನ್ನು ಘಟನೆಯ ಅಭಾವವೆಂದು ತಿಳಿಯಬಾರದೆಂಬ ನಿಯಮಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ದೊರೆತ ಮುದ್ರಿಕೆಯೂ ನಿಷ್ಪಕ್ಷಪಾತಿಯಾದ ಸಾಕ್ಷಿಯಲ್ಲ. ೧೯೨೫ರಲ್ಲಿ ವಿದ್ಯುನ್ಮುದ್ರಣ ಬರುವವರೆಗೆ ವಾದ್ಯಗಾರರು ದೊಡ್ಡದೊಂದು ಕಹಳೆಯ ಬಾಯಿಗೆ ಎದುರಾಗಿ ನಿಂತು ನುಡಿಸಬೇಕಾಗಿದ್ದಿತು. ನಾದದ ಒತ್ತಡವೇ ಸೂಜಿಯನ್ನು ನಡಸುತ್ತಿದ್ದುದರಿಂದ, ದೊಡ್ಡ ಡೋಲಿನ ಪೆಟ್ಟಿಗೆ ಸೂಜಿ ಗೆರೆ ತಪ್ಪುವ ಭಯವಿದ್ದಿತು. ಆ ಕಾರಣದಿಂದ ಆಲಿವರನ ಮೇಳದ ಬೇಬಿ ಡಾಡ್ಸ್ ಎಂಬ ಶ್ರೇಷ್ಠ ಲಯವಾದಕನು ಮುದ್ರಣದಲ್ಲಿ ಮರದ ಗಟ್ಟಿಗಳನ್ನು ತಟ್ಟುವುದರಲ್ಲಿಯೇ ಬಹುಮಟ್ಟಿಗೆ ತೃಪ್ತನಾಗಬೇಕಾಯಿತು. ಹತ್ತು ಅಂಗುಲದ ತಟ್ಟೆಯ ಒಂದು ಮುಖಕ್ಕೆ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷಗಳ ಸಂಗೀತ. ಕುಣಿತದ ಸಭೆಯಲ್ಲಿ ಬಹು ಹೊತ್ತು ಬೆಳೆಯುತ್ತಿದ್ದ ವಾದನ ಆ ಅಳತೆಗೆ ಕುಗ್ಗಬೇಕಾಗಿದ್ದಿತು. ಡೋಲಿನ ಗೈರುಹಾಜರಿಯೂ ರಚನೆಯ ಸಂಕ್ಷೇಪವೂ ಸಂಗೀತದ ಲಕ್ಷಣಗಳಲ್ಲ, ಯಂತ್ರದ ಲಕ್ಷಣಗಳು. ಇವೆರಡನ್ನೂ ಬೇರ್ಪಡಿಸಿ ನೋಡುವುದು ಸಂಶೋಧಕನ ಮೊದಲ ಕರ್ತವ್ಯ.

ಈ ತಟ್ಟೆಗಳನ್ನು ಹೊರಡಿಸಿದ ಕಂಪನಿಗಳಿಗೆ ಚರಿತ್ರೆಯ ಗೊಡವೆಯಿರಲಿಲ್ಲ. ೧೯೨೦ರಲ್ಲಿ ಓಕೆ ಕಂಪನಿಗಾಗಿ ಮೇಮಿ ಸ್ಮಿತ್ ಹಾಡಿದ ‘ಕ್ರೇಜಿ ಬ್ಲೂಸ್’ ಹೇರಳವಾಗಿ ಮಾರಾಟವಾದುದನ್ನು ಕಂಡು, ಕಪ್ಪು ಜನರಿಗೆಂದೇ ಪ್ರತ್ಯೇಕ ತಟ್ಟೆಗಳನ್ನು ಮುದ್ರಿಸುವ ವ್ಯಾಪಾರ ಬೆಳೆಯಿತು. ಲೂಯಿ ಆರ್ಮ್‌ಸ್ಟ್ರಾಂಗನು ೧೯೨೫ರಿಂದ ೧೯೨೮ರವರೆಗೆ ನುಡಿಸಿದ ಪ್ರಸಿದ್ಧ ಮುದ್ರಿಕೆಗಳೂ ಈ ವ್ಯಾಪಾರದ ಫಲವೇ. ಮಾರಾಟ ನಿಂತ ತಟ್ಟೆ ಪಟ್ಟಿಯಿಂದ ಬಿದ್ದುಹೋಗುತ್ತಿದ್ದಿತು. ಮೇಳದಲ್ಲಿ ನುಡಿಸಿದವರು ಯಾರೆಂಬುದನ್ನು ಲೇಬಲ್ಲಿನ ಮೇಲೆ ಅಚ್ಚುಮಾಡುವ ವಾಡಿಕೆಯೂ ಇರಲಿಲ್ಲ. ೧೯೨೯ರ ಆರ್ಥಿಕ ಕುಸಿತದ ತರುವಾಯ ಹಲವು ಕಂಪನಿಗಳೇ ಮುಚ್ಚಿಹೋದುವು.

ಆ ಘಟ್ಟದಲ್ಲಿ ಈ ಸಂಗೀತವನ್ನು ಕಾಪಾಡಿದವರು ವಿದ್ವಾಂಸರಲ್ಲ, ರಸಿಕರು. ಹಳೆಯ ಸಾಮಾನಿನ ಅಂಗಡಿಗಳಲ್ಲಿಯೂ ಕಪ್ಪು ಜನರ ಕೇರಿಗಳಲ್ಲಿಯೂ ಮನೆಮನೆ ಅಲೆದು ತಟ್ಟೆಗಳನ್ನು ಕೊಂಡು, ಒಟ್ಟಿಗೆ ಕುಳಿತು ಕೇಳಿ, ‘ಈ ಕಾರ್ನೆಟ್ ಯಾರದು?’ ಎಂದು ವಾದಿಸುತ್ತಿದ್ದ ತರುಣರಿಂದ ಒಂದು ಶಾಸ್ತ್ರವೇ ಹುಟ್ಟಿತು. ಚಿತ್ರಕಾರ ದಂಪತಿಗಳಾದ ರಾಬರ್ಟ್ ಮತ್ತು ಸೋನಿಯಾ ಡೆಲೋನೆಯವರ ಮಗ ಚಾರ್ಲ್ಸ್ ಡೆಲೋನೆ ೧೯೩೬ರಲ್ಲಿ ಪ್ಯಾರಿಸಿನಲ್ಲಿ ‘ಹಾಟ್ ಡಿಸ್ಕೋಗ್ರಫಿ’ ಎಂಬ ಗ್ರಂಥವನ್ನು ಪ್ರಕಟಿಸಿದನು. ಪ್ರತಿಯೊಂದು ತಟ್ಟೆಯ ವಾದ್ಯಗಾರರು, ಮುದ್ರಣದ ಕಾಲ, ಸ್ಥಳ, ಸಂಖ್ಯೆಗಳನ್ನು ಕ್ರಮವಾಗಿ ಕೊಡುವ ಪದ್ಧತಿಗೆ ಅದು ತಳಹದಿಯಾಯಿತು. ನ್ಯೂಯಾರ್ಕಿನ ಕಮೋಡೋರ್ ಅಂಗಡಿಯ ಮಿಲ್ಟ್ ಗೇಬ್ಲರನು ಅದೇ ದಶಕದಲ್ಲಿ ಅಲಭ್ಯವಾಗಿದ್ದ ತಟ್ಟೆಗಳನ್ನು ಮರುಮುದ್ರಿಸಿ, ನುಡಿಸಿದವರೆಲ್ಲರ ಹೆಸರನ್ನು ಲೇಬಲ್ಲಿನ ಮೇಲೆ ಅಚ್ಚುಹಾಕಿಸಿದನು. ಯೇಲ್ ವಿಶ್ವವಿದ್ಯಾನಿಲಯದಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ಜಾರ್ಜ್ ಅವಾಕಿಯನ್ ೧೯೪೦ರಲ್ಲಿ ಕೊಲಂಬಿಯಾ ಕಂಪನಿಯ ಬ್ರಿಡ್ಜ್‌ಪೋರ್ಟ್ ಕಾರ್ಖಾನೆಯಲ್ಲಿ ಹುಡುಕಾಡಿ, ಆರ್ಮ್‌ಸ್ಟ್ರಾಂಗನ ಅಪ್ರಕಟಿತ ಮುದ್ರಿಕೆಗಳನ್ನು ಹೊರತಂದನು.

ಈ ಸಂಗ್ರಾಹಕರ ವಿಧಾನ ನಮಗೆ ಅಪರಿಚಿತವಾದುದೇನಲ್ಲ. ತಟ್ಟೆಯ ಗೆರೆಗಳಿಗೂ ಲೇಬಲ್ಲಿಗೂ ನಡುವಿನ ಖಾಲಿ ಪಟ್ಟಿಯಲ್ಲಿ ಒಂದು ಸಂಖ್ಯೆ ಮೂಡಿರುತ್ತದೆ. ಮೂಲ ಅಚ್ಚಿನ ಗುರುತಾದ ಈ ಸಂಖ್ಯೆಯಿಂದ ತಟ್ಟೆ ಯಾವಾಗ, ಯಾವ ಕ್ರಮದಲ್ಲಿ ಮುದ್ರಿತವಾಯಿತೆಂಬುದನ್ನು ನಿರ್ಣಯಿಸಬಹುದು. ಒಂದೇ ರಚನೆಯನ್ನು ಎರಡು ಮೂರು ಬಾರಿ ನುಡಿಸಿ ಮುದ್ರಿಸಿದ್ದರೆ ಅದೂ ಇಲ್ಲಿಯೇ ತಿಳಿದುಬರುವುದುಂಟು. ಕಾಲನಿರ್ದೇಶವಿಲ್ಲದ ಶಾಸನವನ್ನು ಲಿಪಿಯಿಂದ ಅಳೆಯುವುದೂ, ಓಲೆಯ ಪ್ರತಿಗಳನ್ನು ಹೋಲಿಸಿ ಪಾಠಾಂತರಗಳನ್ನು ಗುರುತಿಸುವುದೂ ಇದೇ ಜಾತಿಯ ಕೆಲಸ. ಒಂದು ಭೇದ ಮಾತ್ರವುಂಟು: ಗ್ರಂಥಸಂಪಾದಕನು ಪಾಠಾಂತರಗಳಲ್ಲಿ ಒಂದನ್ನು ಶುದ್ಧಪಾಠವೆಂದು ಆರಿಸಬೇಕು; ಜಾಝಿನಲ್ಲಿ ಎರಡು ಪಾಠಗಳೂ ಮೂಲಪಾಠಗಳೇ. ಅದೇ ಕಲಾವಿದನು ಅದೇ ದಿನ ಅದೇ ರಾಗವನ್ನು ಬೇರೆಯಾಗಿ ಯೋಚಿಸಿದನೆಂಬುದಕ್ಕೆ ಅವು ಸಾಕ್ಷಿ.

ತಟ್ಟೆಗಳ ಹಿಂದಿರುವ ಮನುಷ್ಯರನ್ನು ಅರಸಿ ಹೊರಟವರೂ ಇದ್ದರು. ೧೯೩೮ರ ಮೇ ತಿಂಗಳಿನಲ್ಲಿ ಅಲನ್ ಲೋಮ್ಯಾಕ್ಸನು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಜೆಲ್ಲಿ ರೋಲ್ ಮಾರ್ಟನನನ್ನು ಪಿಯಾನೋದ ಮುಂದೆ ಕುಳ್ಳಿರಿಸಿ, ಆತನ ಜೀವನವೃತ್ತಾಂತವನ್ನೂ ವಾದನವನ್ನೂ ಒಟ್ಟಿಗೆ ಮುದ್ರಿಸಲಾರಂಭಿಸಿದನು. ಎಂಟು ಗಂಟೆಗಳಿಗೂ ಮಿಕ್ಕ ಈ ಕಥನ ಪೂರ್ಣರೂಪದಲ್ಲಿ ಸಾರ್ವಜನಿಕರಿಗೆ ದೊರೆತುದು ೨೦೦೫ರಲ್ಲಿ. ಜಾಝನ್ನು ೧೯೦೨ರಲ್ಲಿ ತಾನೇ ಕಂಡುಹಿಡಿದೆನೆಂದು ಮಾರ್ಟನನು ಹೇಳಿಕೊಳ್ಳುತ್ತಿದ್ದನು. ತಾನು ೧೮೮೫ರಲ್ಲಿ ಹುಟ್ಟಿದೆನೆಂದೂ ಹೇಳಿದ್ದನು. ಚರ್ಚಿನ ದಾಖಲೆಯಿಂದ ಆತನ ಜನ್ಮವರ್ಷ ೧೮೯೦ ಎಂದು ತಿಳಿದುಬಂದಿದೆ. ೧೯೩೯ರಲ್ಲಿ ಹೊರಬಂದ ‘ಜಾಝ್‌ಮೆನ್’ ಗ್ರಂಥದ ಕರ್ತೃಗಳು ಲೂಸಿಯಾನದ ನ್ಯೂ ಐಬೀರಿಯಾದಲ್ಲಿ ಪತ್ತೆಮಾಡಿದ ಬಂಕ್ ಜಾನ್ಸನನ ವಿಷಯವೂ ಹೀಗೆಯೇ. ಹಲ್ಲು ಕಳೆದುಕೊಂಡು ವಾದನವನ್ನೇ ಬಿಟ್ಟಿದ್ದ ಆತನಿಗೆ ರಸಿಕರು ಹಲ್ಲು ಕಟ್ಟಿಸಿಕೊಟ್ಟು, ಕಹಳೆ ಕೊಡಿಸಿ, ೧೯೪೨ರಲ್ಲಿ ಮುದ್ರಿಸಿದರು. ಬೋಲ್ಡನನೊಂದಿಗೆ ನುಡಿಸಿದ್ದೆನೆಂದು ಆತನು ಹೇಳಿದುದನ್ನು ಬಹುಮಂದಿ ನಂಬಿದರು. ಆತನು ಹೇಳಿದುದಕ್ಕಿಂತ ಹತ್ತು ವರ್ಷ ಕಿರಿಯನಾಗಿದ್ದಿರಬೇಕೆಂದು ಅನಂತರದ ಸಂಶೋಧಕರು ತರ್ಕಿಸಿರುವರು. ಇಷ್ಟರಿಂದ ಈ ಸಾಕ್ಷ್ಯಗಳನ್ನು ತಳ್ಳಿಹಾಕಬೇಕಾಗಿಲ್ಲ. ಮಾರ್ಟನನ ನಾಲಗೆ ಉತ್ಪ್ರೇಕ್ಷಿಸಿರಬಹುದು. ಹಳೆಯ ಪಿಯಾನೋ ಶೈಲಿಗಳನ್ನು ಒಂದೊಂದಾಗಿ ನುಡಿಸಿ ತೋರಿಸಿದ ಆತನ ಬೆರಳುಗಳ ಸಾಕ್ಷ್ಯ ಬೇರೆಯ ತೂಕದ್ದು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಚರಿತ್ರೆಗೆ ನಮ್ಮ ದೇಶದ ಸಂಬಂಧವೊಂದು ಗೋಚರಿಸುತ್ತದೆ. ಆ ದಿನಗಳ ತಟ್ಟೆಗಳಿಗೆ ಮುಖ್ಯ ಬಂಧಕದ್ರವ್ಯ ಅರಗು. ಅದು ಹೆಚ್ಚಾಗಿ ಹೋಗುತ್ತಿದ್ದುದು ಭಾರತದಿಂದ, ಅದರಲ್ಲಿಯೂ ಛೋಟಾ ನಾಗಪುರದ ಕಾಡುಸೀಮೆಯಿಂದ. ಸಮುದ್ರಮಾರ್ಗಗಳು ಅಪಾಯಕ್ಕೀಡಾದಾಗ ಅಮೆರಿಕೆಯ ಯುದ್ಧೋತ್ಪಾದನ ಮಂಡಲಿ ೧೯೪೨ರ ಏಪ್ರಿಲಿನಲ್ಲಿ ತಟ್ಟೆಗಳಿಗೆ ಬಳಸುವ ಅರಗನ್ನು ಶೇಕಡಾ ೭೦ರಷ್ಟು ಕಡಿತಗೊಳಿಸಿತು. ಹಳೆಯ ತಟ್ಟೆಗಳನ್ನು ಕೂಡಿಹಾಕಿ ಅರೆದು ಹೊಸದಕ್ಕೆ ಬಳಸಲಾಯಿತು. ಆ ಹಿಟ್ಟಿನಲ್ಲಿ ಯಾವ ಯಾವ ಅಪೂರ್ವ ಮುದ್ರಿಕೆಗಳು ಸೇರಿಹೋದುವೋ ಊಹಿಸಲು ಸಾಧ್ಯವಿಲ್ಲ. ಅದೇ ವರ್ಷದ ಆಗಸ್ಟ್ ೧ರಿಂದ ವಾದ್ಯಗಾರರ ಸಂಘ ಮುದ್ರಣವನ್ನೇ ಬಹಿಷ್ಕರಿಸಿತು. ತಟ್ಟೆಗಳು ತಮ್ಮ ಅನ್ನವನ್ನೇ ಕಸಿಯುತ್ತಿವೆಯೆಂಬುದು ಅವರ ದೂರು, ಅದು ನಿರಾಧಾರವಾದುದಲ್ಲ. ವಿಕ್ಟರ್, ಕೊಲಂಬಿಯಾಗಳೊಡನೆ ೧೯೪೪ರ ನವೆಂಬರಿನವರೆಗೆ ಒಪ್ಪಂದವಾಗಲಿಲ್ಲ. ಚಾರ್ಲಿ ಪಾರ್ಕರ್, ಡಿಜ್ಜಿ ಗಿಲೆಸ್ಪಿ ಇಬ್ಬರೂ ೧೯೪೩ರಲ್ಲಿ ಅರ್ಲ್ ಹೈನ್ಸನ ಮೇಳದಲ್ಲಿದ್ದರು. ಆ ಮೇಳದ ತಟ್ಟೆ ಹೊರಬರಲಿಲ್ಲ. ಬೀಬಾಪ್ ಎಂಬ ಹೊಸ ಶೈಲಿ ಏಕಾಏಕಿ ಹುಟ್ಟಿತೆಂಬ ಭ್ರಾಂತಿಗೆ ಈ ಮೌನವೂ ಒಂದು ಕಾರಣ.

ಆ ಮೌನವನ್ನು ಅಷ್ಟಿಷ್ಟು ತುಂಬಿದವರೂ ರಸಿಕರೇ. ಕೊಲಂಬಿಯಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಜೆರ್ರಿ ನ್ಯೂಮನ್ ೧೯೪೧ರಲ್ಲಿ ಹಾರ್ಲೆಮಿನ ಮಿಂಟನ್ಸ್ ಕ್ಲಬ್ಬಿಗೆ ಮುದ್ರಣಯಂತ್ರವನ್ನು ಹೊತ್ತೊಯ್ದು, ಮರುವರ್ಷವೇ ತೀರಿಕೊಂಡ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ನನ ದೀರ್ಘವಾದನಗಳನ್ನು ಉಳಿಸಿದನು. ಡೀನ್ ಬೆನೆಡೆಟ್ಟಿ ಎಂಬ ಸ್ಯಾಕ್ಸೋಫೋನ್ ವಾದಕನು ೧೯೪೭–೪೮ರಲ್ಲಿ ಪಾರ್ಕರನ ಹಿಂದೆ ಕ್ಲಬ್ಬಿನಿಂದ ಕ್ಲಬ್ಬಿಗೆ ಅಲೆದನು. ಆತನ ಮುದ್ರಿಕೆಗಳು ಬಹುಕಾಲ ಕಣ್ಮರೆಯಾಗಿದ್ದು ೧೯೯೦ರಲ್ಲಿ ಪ್ರಕಟವಾದುವು. ಪಾರ್ಕರನು ನುಡಿಸಿ ನಿಲ್ಲಿಸಿದೊಡನೆ ಬೆನೆಡೆಟ್ಟಿ ಬಹುತೇಕ ಯಂತ್ರವನ್ನೂ ನಿಲ್ಲಿಸುತ್ತಿದ್ದನು. ಜೊತೆಯವರ ಸರದಿಯನ್ನು ಆತನು ಉಳಿಸಲಿಲ್ಲ. ಪ್ರೀತಿಯಿಂದ ಉಳಿದ ಆಕರದಲ್ಲಿ ಪ್ರೀತಿಯ ಪಕ್ಷಪಾತವೂ ಉಳಿಯುವುದು. ರಾಜನ ಪ್ರಶಸ್ತಿಯನ್ನು ಬರೆದ ಶಾಸನಕವಿಯಿಂದ ಸೈನಿಕರ ಹೆಸರುಗಳನ್ನು ನಾವು ನಿರೀಕ್ಷಿಸುವುದಿಲ್ಲವಷ್ಟೆ.

ವಿಶ್ವವಿದ್ಯಾನಿಲಯಗಳು ಈ ಕ್ಷೇತ್ರಕ್ಕೆ ಬಂದುದು ತಡವಾಗಿ. ಮಾರ್ಷಲ್ ಸ್ಟರ್ನ್ಸ್ ೧೯೫೨ರಲ್ಲಿ ನ್ಯೂಯಾರ್ಕಿನ ತನ್ನ ಮನೆಯಲ್ಲಿಯೇ ಸ್ಥಾಪಿಸಿದ ಜಾಝ್ ಅಧ್ಯಯನ ಸಂಸ್ಥೆ ೧೯೬೬ರಲ್ಲಿ ರಟ್ಗರ್ಸ್ ವಿಶ್ವವಿದ್ಯಾನಿಲಯಕ್ಕೆ ಸೇರಿತು. ನ್ಯೂ ಆರ್ಲಿಯನ್ಸಿನ ಟುಲೇನ್ ವಿಶ್ವವಿದ್ಯಾನಿಲಯದಲ್ಲಿ ೧೯೫೮ರಲ್ಲಿ ಜಾಝ್ ಸಂಗ್ರಹಾಲಯ ಆರಂಭವಾದಾಗ, ಅದರ ಮೊದಲ ಪಾಲಕನಾದವನು ಬಂಕ್ ಜಾನ್ಸನನನ್ನು ಮುದ್ರಿಸಿದ್ದ ವಿಲಿಯಂ ರಸ್ಸೆಲ್ ಎಂಬ ಸಂಗ್ರಾಹಕನೇ. ರಸಿಕನ ಕೋಣೆ ವಿದ್ವಾಂಸನ ಭಂಡಾರವಾದ ಬಗೆ ಇದು.

ಭಂಡಾರ ಸೇರಿದುದೆಲ್ಲ ಬೆಳಕಿಗೆ ಬಂದಂತಾಗಲಿಲ್ಲ. ಥೆಲೋನಿಯಸ್ ಮಂಕ್ ಮತ್ತು ಜಾನ್ ಕೋಲ್ಟ್ರೇನ್ ೧೯೫೭ರ ನವೆಂಬರ್ ೨೯ರಂದು ಕಾರ್ನೆಗಿ ಹಾಲಿನಲ್ಲಿ ಒಟ್ಟಿಗೆ ನುಡಿಸಿದುದನ್ನು ವಾಯ್ಸ್ ಆಫ್ ಅಮೆರಿಕ ಮುದ್ರಿಸಿದ್ದಿತು. ಆ ಟೇಪು ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿಯೇ ಇದ್ದು, ೨೦೦೫ರಲ್ಲಿ ಲ್ಯಾರಿ ಆಪಲ್‌ಬಾಮ್ ಅವರ ಕಣ್ಣಿಗೆ ಬೀಳುವವರೆಗೆ ಯಾರೂ ಅದನ್ನು ಕೇಳಿರಲಿಲ್ಲವೆನ್ನಬಹುದು. ರೇಡಿಯೋ ಪ್ರಸಾರಗಳನ್ನು ೧೯೩೦ರ ದಶಕದಲ್ಲಿ ಮುದ್ರಿಸಿಟ್ಟಿದ್ದ ಎಂಜಿನಿಯರ್ ಬಿಲ್ ಸೇವರಿಯ ಸುಮಾರು ಒಂದು ಸಾವಿರ ತಟ್ಟೆಗಳು, ಆತನು ತೀರಿಕೊಂಡ ಆರು ವರ್ಷಗಳ ಮೇಲೆ, ೨೦೧೦ರಲ್ಲಿ ಹಾರ್ಲೆಮಿನ ಜಾಝ್ ವಸ್ತುಸಂಗ್ರಹಾಲಯಕ್ಕೆ ಬಂದುವು. ಅವುಗಳಲ್ಲಿ ಕೆಲವು ಅಷ್ಟರಲ್ಲಿ ಕೆಟ್ಟುಹೋಗಿದ್ದುವು. ಪ್ರಸಿದ್ಧವಾದುದೂ ಪರೀಕ್ಷೆಗೆ ಹೊರತಲ್ಲ. ಮೈಲ್ಸ್ ಡೇವಿಸನ ೧೯೫೯ರ ‘ಕೈಂಡ್ ಆಫ್ ಬ್ಲೂ’ ತಟ್ಟೆಯ ಒಂದು ಮುಖ, ಟೇಪುಯಂತ್ರದ ವೇಗದೋಷದಿಂದ ಶ್ರುತಿ ಏರಿದ ಸ್ಥಿತಿಯಲ್ಲಿಯೇ ಮೂವತ್ತು ವರ್ಷಗಳಿಗೂ ಮಿಕ್ಕು ಪ್ರಚಾರದಲ್ಲಿದ್ದು, ೧೯೯೨ರಲ್ಲಿ ತಿದ್ದುಪಡಿಯಾಯಿತು.

ಕೊನೆಯದಾಗಿ, ಈ ಆಕರಗಳ ಒಡೆತನದ ಪ್ರಶ್ನೆ. ಆ ಕಾಲದ ಕಪ್ಪು ವಾದ್ಯಗಾರರಿಗೆ ಬಹುಮಟ್ಟಿಗೆ ದೊರೆತುದು ಒಂದು ದಿನದ ಕೂಲಿ; ಮಾರಾಟದ ಪಾಲಲ್ಲ. ೨೦೧೮ರ ಅಮೆರಿಕನ್ ಶಾಸನದ ಪ್ರಕಾರ ಹಳೆಯ ಮುದ್ರಿಕೆಗಳು ವರ್ಷವರ್ಷಕ್ಕೆ ಸಾರ್ವಜನಿಕ ಸ್ವತ್ತಾಗುತ್ತಿವೆ. ಆಲಿವರನ ೧೯೨೩ರ ತಟ್ಟೆಗಳು ೨೦೨೪ರ ಜನವರಿ ೧ರಂದು ಎಲ್ಲರ ಸೊತ್ತಾದುವು. ನುಡಿಸಿದವರಿಗೆ ಅದರಿಂದ ಲಾಭವಿಲ್ಲ. ಅವರಿಗೆ ಸಲ್ಲಿಸಬಹುದಾದ ಋಣ ಒಂದೇ: ಯಾರು, ಎಂದು, ಎಲ್ಲಿ ನುಡಿಸಿದರೆಂಬುದನ್ನು ತಪ್ಪಿಲ್ಲದೆ ಹೇಳುವುದು.

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಸ್ಥಿರಪಡುತ್ತವೆ. ಧ್ವನಿಮುದ್ರಿಕೆಯೂ ಇತರ ಆಕರಗಳಂತೆ ಯಂತ್ರದ, ವ್ಯಾಪಾರದ, ಅಭಿರುಚಿಯ ಮಿತಿಗಳಿಗೆ ಒಳಗಾದುದು. ಅದನ್ನು ಕೇಳುವುದಷ್ಟೇ ಸಾಲದು, ಓದಲೂ ಬೇಕು. ಅಂತೆಯೇ, ಒಂದು ಜನಾಂಗದ ಕಲೆಯನ್ನು ಸರಕಾರವಾಗಲಿ ವಿದ್ಯಾಸಂಸ್ಥೆಯಾಗಲಿ ಗಮನಿಸದಿದ್ದ ಕಾಲದಲ್ಲಿ, ಪದವಿಯಿಲ್ಲದ ರಸಿಕರ ಆಸಕ್ತಿಯೇ ಸಂಶೋಧನೆಯ ಕೆಲಸವನ್ನು ಮಾಡಿತು. ಅವರ ಪಟ್ಟಿಗಳಲ್ಲಿ ದೋಷಗಳುಂಟು. ಆ ಪಟ್ಟಿಗಳೇ ಇಲ್ಲದಿದ್ದರೆ ದೋಷವನ್ನು ತಿದ್ದುವ ಅವಕಾಶವೂ ಇರುತ್ತಿರಲಿಲ್ಲ.