ಬಳ್ಳಾರಿ ಮಾದರಿಯಿಂದ ಹಕ್ಕಿನ ಕಾಯ್ದೆಯವರೆಗೆ: ತುಂಗಭದ್ರಾ ಸೀಮೆಯಲ್ಲಿ ಅಂಗವಿಕಲರ ಸೇವೆ ಮತ್ತು ಹಕ್ಕು

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳನ್ನು ಒಳಗೊಂಡಿದ್ದ ಅವಿಭಜಿತ ಬಳ್ಳಾರಿ ಜಿಲ್ಲೆ ಗಣಿಗೆ ಮತ್ತು ಸ್ಮಾರಕಗಳಿಗೆ ಹೆಸರಾದಷ್ಟು, ಭಾರತದ ಮಾನಸಿಕ ಆರೋಗ್ಯ ಸೇವೆಯ ಚರಿತ್ರೆಯಲ್ಲಿ ತನಗಿರುವ ಸ್ಥಾನಕ್ಕೆ ಹೆಸರಾಗಿಲ್ಲ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡ ಮೇಲೆ, ಅದನ್ನು ಇಡೀ ಜಿಲ್ಲೆಯೊಂದರಲ್ಲಿ ನಡೆಸಿ ನೋಡಲು ಬೆಂಗಳೂರಿನ ನಿಮ್ಹಾನ್ಸ್ 1985ರಲ್ಲಿ ಆರಿಸಿಕೊಂಡದ್ದು ಬಳ್ಳಾರಿಯನ್ನೇ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆ ಮತ್ತು ಮೂರ್ಛೆರೋಗಕ್ಕೆ ಬೇಕಾದ ಆರು ಅಗತ್ಯ ಔಷಧಗಳನ್ನು ಅಲ್ಲಿಯೇ ದೊರಕಿಸಿ, ಸರಳವಾದ ದಾಖಲೆ ಮತ್ತು ಮಾಸಿಕ ವರದಿಯ ಪದ್ಧತಿಯನ್ನು ಜಾರಿಗೆ ತಂದ ಈ ಪ್ರಯೋಗ ‘ಬಳ್ಳಾರಿ ಮಾದರಿ’ ಎಂದೇ ಪ್ರಸಿದ್ಧವಾಗಿ, 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ರೋಗಿ ತಜ್ಞರನ್ನು ಹುಡುಕಿಕೊಂಡು ಅಲೆಯುವುದಲ್ಲ, ಸೇವೆಯೇ ಅವರ ಊರಿನ ಸಮೀಪಕ್ಕೆ ಬರಬೇಕು ಎಂಬುದು ಅದು ಕಲಿಸಿದ ಪಾಠ. ಅಂಗವಿಕಲರ ಹಕ್ಕುಗಳ ಮುಂದಿನ ಚರಿತ್ರೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಈ ಸೀಮೆಯಲ್ಲಿ ಸಿಗದು.

ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿದ 1995ರ ಕಾಯ್ದೆ ಮಾನಸಿಕ ಕಾಯಿಲೆಯನ್ನೂ ಅವುಗಳಲ್ಲಿ ಸೇರಿಸಿತು. 2007ರಲ್ಲಿ ಭಾರತ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅನುಮೋದಿಸಿದ್ದರ ಫಲವಾಗಿ ಬಂದ 2016ರ ಕಾಯ್ದೆ ಈ ಪಟ್ಟಿಯನ್ನು 21ಕ್ಕೆ ಹಿಗ್ಗಿಸಿ, ಸರ್ಕಾರಿ ಉದ್ಯೋಗದ ಮೀಸಲಾತಿಯನ್ನು ಶೇ. 3ರಿಂದ 4ಕ್ಕೆ ಏರಿಸಿ, ಕರುಣೆಯ ವಿಷಯವಾಗಿದ್ದುದನ್ನು ಸಮಾನತೆಯ ವಿಷಯವನ್ನಾಗಿ ಮಾಡಿತು. 2011ರ ಜನಗಣತಿಯಲ್ಲಿ ಕರ್ನಾಟಕದ 13.24 ಲಕ್ಷ ಜನ ಅಂಗವಿಕಲರೆಂದು ದಾಖಲಾಗಿದ್ದು, ಆ ಎಣಿಕೆ ನಡೆದದ್ದು ಎಂಟು ಬಗೆಯ ವೈಕಲ್ಯಗಳ ಲೆಕ್ಕದಲ್ಲಿ ಮಾತ್ರ ಎಂಬುದನ್ನು ಮರೆಯಬಾರದು.

ಮೀಸಲಾತಿಯಂಥ ಸೌಲಭ್ಯಗಳಿಗೆ ಕನಿಷ್ಠ ಶೇ. 40ರಷ್ಟು ವೈಕಲ್ಯವಿದೆಯೆಂಬ ಪ್ರಮಾಣಪತ್ರವೇ ಹೆಬ್ಬಾಗಿಲು. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಎಂದರೆ ಅಂಗವಿಕಲರನ್ನು ಗುರುತಿಸಿ ಯೋಜನೆಗಳಿಗೆ ಜೋಡಿಸಲು ಗೌರವಧನದ ಮೇಲೆ ನೇಮಕಗೊಂಡವರು, ಅರ್ಜಿ ತುಂಬಿಕೊಡಬಲ್ಲರಾದರೂ ತಪಾಸಣೆಯನ್ನು ತಾಂಡಾಕ್ಕೆ ತರಲಾರರು. ಸಂಡೂರಿನ ಗುಡ್ಡದ ಮಗ್ಗುಲ ಲಂಬಾಣಿ ತಾಂಡಾದಿಂದ ಬುದ್ಧಿಮಾಂದ್ಯ ಮಗುವನ್ನು ತಜ್ಞರಿರುವ ಆಸ್ಪತ್ರೆಗೆ ಕರೆದೊಯ್ಯುವ ತಾಯಿಗೆ ಆ ದಿನದ ಕೂಲಿ ತಪ್ಪುತ್ತದೆ, ಬಸ್ಸಿನ ಖರ್ಚು ಮೇಲೆ ಬೀಳುತ್ತದೆ, ತಜ್ಞರು ಆ ದಿನ ಸಿಗದಿದ್ದರೆ ಇನ್ನೊಂದು ದಿನ ಹೋಗುತ್ತದೆ. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಸಿಕೊಂಡು ವಿಜಯನಗರ ಜಿಲ್ಲೆ ಹುಟ್ಟಿದಾಗ ಸಂಡೂರು ಮತ್ತು ಹಿಂದೆ ಹೊಸಪೇಟೆ ತಾಲ್ಲೂಕಿಗೇ ಸೇರಿದ್ದ ಕಂಪ್ಲಿ ಬಳ್ಳಾರಿಯಲ್ಲಿಯೇ ಉಳಿದವು. ಎರಡಕ್ಕೂ ಹತ್ತಿರದ ಜಿಲ್ಲಾ ಕೇಂದ್ರ ಹೊಸಪೇಟೆ, ಆಡಳಿತದ ಕೇಂದ್ರ ಬಳ್ಳಾರಿ. ಚಿಕಿತ್ಸೆ ಪಡೆದ ಸರ್ಕಾರಿ ಆಸ್ಪತ್ರೆಯಲ್ಲಿಯೂ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಲು ನಿಯಮದಲ್ಲಿ ಅವಕಾಶವಿದೆ. ಅದನ್ನು ತಾಂಡಾ ತಾಂಡಾಗಳಲ್ಲಿ ತಿಳಿಸುವುದು ಇಲಾಖೆಯ ಮೊದಲ ಕೆಲಸವಾಗಬೇಕು.

ಹಂಪಿಯ ಪ್ರಶ್ನೆ ಬೇರೆ ಬಗೆಯದು. 1986ರಿಂದ ವಿಶ್ವ ಪರಂಪರೆಯ ತಾಣವಾಗಿರುವ ಇಲ್ಲಿ ವಿಜಯ ವಿಠ್ಠಲ ದೇವಾಲಯದ ಸಮೀಪದವರೆಗೆ ಬ್ಯಾಟರಿ ವಾಹನ ಒಯ್ಯುತ್ತದೆ, ಆದರೆ ಎತ್ತರದ ಜಗಲಿ, ಕಲ್ಲಿನ ಹೊಸ್ತಿಲು, ಏರುಪೇರಾದ ನೆಲಹಾಸು ಗಾಲಿಕುರ್ಚಿಗೆ ಎದುರಾಗುತ್ತವೆ. ಸ್ಮಾರಕದ ಕಲ್ಲಿಗೆ ಧಕ್ಕೆಯಾಗದಂತೆ, ಬೇಕಾದಾಗ ತೆಗೆಯಬಹುದಾದ ಇಳಿಜಾರು ಹಲಗೆಗಳನ್ನು ಇಡುವುದು ಅಸಾಧ್ಯವಲ್ಲ. ಸಾರ್ವಜನಿಕ ಸ್ಥಳಗಳು ಎಲ್ಲರಿಗೂ ಎಟುಕುವಂತಿರಬೇಕೆಂಬ ಮಾನದಂಡಗಳು ಬರಿಯ ಸಲಹೆಗಳಾಗಿ ಉಳಿಯದೆ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಹೇಳಿದೆ.

ಸಂಡೂರಿಗೆ ಹಣದ ಕೊರತೆಯ ನೆಪವೂ ಒಪ್ಪುವುದಿಲ್ಲ. ಗಣಿಗಾರಿಕೆಯಿಂದ ಬಾಧಿತವಾದ ಪ್ರದೇಶಗಳಿಗಾಗಿ 2015ರಲ್ಲಿ ಕಾನೂನುಬದ್ಧವಾದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯನ್ನು ಬಳಸುವ ಕೇಂದ್ರದ ಯೋಜನೆಯ ಮಾರ್ಗಸೂಚಿಯಲ್ಲಿ, ವೃದ್ಧರ ಮತ್ತು ಅಂಗವಿಕಲರ ಕಲ್ಯಾಣ ಆದ್ಯತೆಯ ಕ್ಷೇತ್ರಗಳಲ್ಲೊಂದೆಂದು ಹೆಸರಿಸಿಯೇ ಬರೆಯಲಾಗಿದೆ. ರಸ್ತೆ ಮತ್ತು ಕಟ್ಟಡಗಳಿಗೆ ಹರಿಯುವ ಈ ನಿಧಿಯಿಂದ ತಜ್ಞರ ತಂಡವೊಂದನ್ನು ತಿಂಗಳಿಗೊಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಕಳುಹಿಸಿ, ಪ್ರಮಾಣಪತ್ರದ ತಪಾಸಣೆಯನ್ನು ಅಲ್ಲಿಯೇ ನಡೆಸುವುದಕ್ಕೆ ಹೊಸ ಕಾಯ್ದೆಯೇನೂ ಬೇಕಾಗಿಲ್ಲ.