ಪುತ್ತೂರು ಸೀಮೆಯ ಬೇಸಗೆಯ ವಾದ್ಯೋತ್ಸವಗಳ ಸಿದ್ಧತೆ: ಒಂದು ಕಾಲವಿಚಾರ

ದೇವಾಲಯಗಳ ಇತಿಹಾಸವನ್ನು ಬರೆಯುವವರು ಶಾಸನ, ಶಿಲ್ಪ, ದತ್ತಿಗಳನ್ನು ಕುರಿತು ವಿಸ್ತಾರವಾಗಿ ವಿವೇಚಿಸಿ, ಉತ್ಸವದ ವಿಷಯಕ್ಕೆ ಬಂದೊಡನೆ ಅದು ವರ್ಷಂಪ್ರತಿ ವಿಜೃಂಭಣೆಯಿಂದ ಜರಗುತ್ತದೆಂಬ ಒಂದೇ ವಾಕ್ಯದಿಂದ ಮುಗಿಸಿಬಿಡುವುದು ವಾಡಿಕೆ. ಆ ಉತ್ಸವವು ಯಾವ ಕಾಲಗಣನೆಯನ್ನು ಅನುಸರಿಸುತ್ತದೆ, ಅದರ ನಾದಕ್ಕೆ ಬೇಕಾದ ಸಿದ್ಧತೆ ಯಾವಾಗ ಮೊದಲಾಗುತ್ತದೆ ಎಂಬಿವು ಕೂಡ ಇತಿಹಾಸದ ಪ್ರಶ್ನೆಗಳೇ. ಪುತ್ತೂರು, ಸುಳ್ಯ, ಕಡಬ ಎಂಬ ಮೂರು ತಾಲ್ಲೂಕುಗಳ ಪರಿಮಿತಿಯಲ್ಲಿ ಇವನ್ನು ಸಂಗ್ರಹವಾಗಿ ಪರಿಶೀಲಿಸುವುದು ನಮ್ಮ ಉದ್ದೇಶ.

1. ಉತ್ಸವದ ಕ್ರಮ

ಪುತ್ತೂರಿನ ಮಹಾಲಿಂಗೇಶ್ವರ ದೇವಾಲಯದ ವಾರ್ಷಿಕ ಜಾತ್ರೆಯ ಸಿದ್ಧತೆ ಏಪ್ರಿಲ್ 1ರಂದು ಬಾಳೆಗೊನೆಯನ್ನು ಕಡಿಯುವ ಗೊನೆ ಮುಹೂರ್ತದಿಂದ ವಿಧ್ಯುಕ್ತವಾಗಿ ಆರಂಭವಾಗುತ್ತದೆ. 10ರಂದು ಧ್ವಜಾರೋಹಣ, ಆ ಬಳಿಕ ಪ್ರತಿ ರಾತ್ರಿಯೂ ದೇವರು ಪೇಟೆ ಸವಾರಿ ಹೊರಟು ಕಟ್ಟೆಪೂಜೆಗಳನ್ನು ಸ್ವೀಕರಿಸುವುದುಂಟು. ಬಿಸುವಿನ ದಿನ ಚಂದ್ರಮಂಡಲ ಉತ್ಸವ. 16ರಂದು ಬಲ್ನಾಡಿನಿಂದ ದಂಡನಾಯಕ ಮತ್ತು ಉಳ್ಳಾಲ್ತಿ ದೈವಗಳ ಕಿರುವಾಳು ಭಂಡಾರದ ಆಗಮನ. 17ರಂದು ಬ್ರಹ್ಮರಥೋತ್ಸವ ಮತ್ತು ಹೆಸರಾದ ಪುತ್ತೂರು ಬೆಡಿ. 18ರಂದು ಕುಮಾರಧಾರೆಯ ದಡದ ವೀರಮಂಗಲಕ್ಕೆ ಅವಭೃತದ ಸವಾರಿ.

ಈ ಸೀಮೆಯೊಳಗೆ ಆನೆ ಬರಬಾರದೆಂಬ ನಂಬಿಕೆಯೊಂದು ಪ್ರಚಲಿತವಾಗಿದೆ. ಆನೆಯೊಂದು ಲಿಂಗವನ್ನು ಕೀಳಲು ಯತ್ನಿಸಿ ನಾಶವಾಯಿತೆಂಬ ಐತಿಹ್ಯವೇ ಅದಕ್ಕೆ ಆಧಾರ. ಐತಿಹ್ಯದ ಸತ್ಯಾಸತ್ಯತೆ ಹೇಗೇ ಇರಲಿ, ಅದರ ಪರಿಣಾಮವು ಗಮನಾರ್ಹವಾದುದು. ನೆರೆಯ ಕೇರಳದ ಅನೇಕ ಉತ್ಸವಗಳಲ್ಲಿ ಸಾಲಾನೆಗಳು ಮೆರವಣಿಗೆಗೆ ಕೊಡುವ ಘನತೆಯನ್ನು ಇಲ್ಲಿ ವಾದ್ಯಗಳೇ ಬಹುಮಟ್ಟಿಗೆ ಹೊರಬೇಕಾಗಿದೆ. ತುಳುನಾಡಿನ ದೇವಾಲಯಗಳ ಉತ್ಸವಬಲಿಯಲ್ಲಿ ಅರ್ಚಕರು ಬಲಿಮೂರ್ತಿಯನ್ನು ಶಿರದ ಮೇಲೆ ಹೊತ್ತು ಪ್ರದಕ್ಷಿಣೆ ಬರುವಾಗ ಉಡಿಕೆ ಸುತ್ತು, ಚೆಂಡೆ ಸುತ್ತು, ನಾಗಸ್ವರದ ಸುತ್ತು ಎಂದು ಸುತ್ತುಗಳಿಗೆ ವಾದ್ಯದಿಂದಲೇ ಹೆಸರು ಬಂದಿದೆ. ಹೆಜ್ಜೆಯ ಗತಿಯನ್ನು ವಾದ್ಯವೇ ನಿರ್ಧರಿಸುವುದರಿಂದ ವಾದಕನನ್ನು ಇಲ್ಲಿ ಕೇವಲ ಅಲಂಕಾರವೆಂದು ಎಣಿಸಲಾಗದು.

2. ತಾರೀಕು ಮತ್ತು ಬಿಸು

ಈ ಜಾತ್ರೆ ಇಂಗ್ಲಿಷ್ ತಾರೀಕುಗಳಂತೆ ನಡೆಯುತ್ತದೆ ಎಂಬುದು ವಿದ್ಯಾರ್ಥಿಗಳಿಗೆ ಕೌತುಕದ ವಿಷಯ. ಇದೇ ಪ್ರದೇಶದ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಚಂಪಾಷಷ್ಠಿಯು ಮಾರ್ಗಶಿರ ಶುದ್ಧ ಷಷ್ಠಿಯಂದು, ಎಂದರೆ ಚಾಂದ್ರಮಾನದಂತೆ, ಬರುವುದರಿಂದ ಅದರ ತಾರೀಕು ವರ್ಷವರ್ಷಕ್ಕೂ ಬದಲಾಗುತ್ತದೆ. ಪುತ್ತೂರಿನದು ಸೌರಮಾನಕ್ಕೆ ಹೊಂದಿದ ಉತ್ಸವ. ತುಳುವರ ಪಗ್ಗು ತಿಂಗಳ ಮೊದಲ ದಿನವಾದ ಬಿಸುವು ಈಗ ಏಪ್ರಿಲ್ 14 ಅಥವಾ 15ರಂದು ಬರುತ್ತಿರುವುದರಿಂದ ಎರಡು ಗಣನೆಗಳೂ ಒಂದೇ ಎಂಬ ಭಾವನೆ ಹುಟ್ಟುವುದು ಸಹಜ.

ವಾಸ್ತವವಾಗಿ ಅವು ಒಂದಲ್ಲ. ನಮ್ಮ ಪಂಚಾಂಗದ ಸೌರವರ್ಷವು ಇಂಗ್ಲಿಷ್ ವರ್ಷಕ್ಕಿಂತ ಸ್ವಲ್ಪ ದೀರ್ಘವಾದುದು. ಆದುದರಿಂದ ಸಂಕ್ರಮಣವು ಸುಮಾರು 60–70 ವರ್ಷಗಳಿಗೆ ಒಂದು ದಿನದಂತೆ ಮುಂದಕ್ಕೆ ಸರಿಯುತ್ತದೆ. 1834ರಲ್ಲಿ ಕೊಡಗಿನ ರಾಜ್ಯವು ಕೊನೆಗೊಂಡು, ಅದರ ವಶದಲ್ಲಿದ್ದ ಅಮರ ಸುಳ್ಯ, ಪುತ್ತೂರು ಮಾಗಣೆಗಳು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದುವು. ಆ ಕಾಲದಲ್ಲಿ ಬಿಸುವು ಇಂದಿಗಿಂತ ಎರಡು ಮೂರು ದಿನ ಮೊದಲೇ ಬರುತ್ತಿದ್ದಿರಬೇಕು. ಧ್ವಜಾರೋಹಣವು ಅಂದೂ ಏಪ್ರಿಲ್ 10ರಂದೇ ನಡೆಯುತ್ತಿದ್ದರೆ, ಅದಕ್ಕೂ ಬಿಸುವಿಗೂ ಇಂದಿನಷ್ಟು ಅಂತರವಿರಲು ಸಾಧ್ಯವಿಲ್ಲ. ಅಂತರವು ಇಂದಿನಷ್ಟೇ ಇದ್ದಿದ್ದರೆ, ತಾರೀಕು ಬೇರೆಯಾಗಿದ್ದಿರಬೇಕು. ಇವೆರಡರಲ್ಲಿ ಒಂದಂತೂ ಈಚಿನದು. ಇಂಗ್ಲಿಷ್ ತಾರೀಕು ಕಂಪೆನಿಯ ಕಚೇರಿಯೊಡನೆ ಈ ಸೀಮೆಯಲ್ಲಿ ಬಳಕೆಗೆ ಬಂದುದಾದ ಕಾರಣ, ತಾರೀಕೇ ಈಚಿನದೆಂದು ನಾವು ಊಹಿಸುತ್ತೇವೆ. ಇದರಿಂದ ಜಾತ್ರೆಯ ಪ್ರಾಚೀನತೆಗೆ ಯಾವ ಕುಂದೂ ಇಲ್ಲ. ಆಚರಣೆ ಹಳೆಯದಾಗಿದ್ದು ಅದನ್ನು ಗುರುತಿಸುವ ರೀತಿ ಹೊಸದಾಗಿರಬಹುದು. ಆದರೆ ಇಂದಿನ ಕರಪತ್ರದ ತಾರೀಕನ್ನೇ ಪ್ರಾಚೀನ ಪ್ರಮಾಣವೆಂದು ಪ್ರಬಂಧಗಳಲ್ಲಿ ಉದಾಹರಿಸುವುದು ಸಾಧುವಲ್ಲ.

3. ವಾದ್ಯದ ಸಿದ್ಧತೆ

ಬಿಸುವಿನಿಂದ ಪತ್ತನಾಜೆಯವರೆಗಿನ ಸುಮಾರು 40 ದಿನಗಳು ಈ ಪ್ರದೇಶದ ನಾದಕಾಲದ ಕೊನೆಯ ಭಾಗ. ಪತ್ತನಾಜೆಯೆಂದರೆ ಬೇಶ ತಿಂಗಳ ಹತ್ತನೆಯ ದಿನ. ಮೇ 24ರ ಆಸುಪಾಸಿಗೆ ಬರುತ್ತದೆ. ಅಂದಿನಿಂದ ಜಾತ್ರೆ, ನೇಮಗಳಿಗೆ ವಿರಾಮ; ದೀಪಾವಳಿಯ ಸುಮಾರಿಗೆ ತಿರುಗಾಟ ಹೊರಟ ಯಕ್ಷಗಾನ ಮೇಳಗಳೂ ಅಂದೇ ಗೆಜ್ಜೆ ಬಿಚ್ಚುತ್ತವೆ. ಆದಕಾರಣ ಹೊತ್ತ ಹರಕೆಯನ್ನು ಮಳೆಗೆ ಮುಂಚೆ ತೀರಿಸಬೇಕೆನ್ನುವವರಿಗೆ ಈ ದಿನಗಳೇ ಕಡೆಯ ಅವಕಾಶ. ಅಡಕೆಯ ಕೊಯ್ಲು ಮುಗಿದು ಕೈಯಲ್ಲಿ ಹಣವೂ ಬಿಡುವೂ ಇರುವ ಕಾಲ ಅದೇ ಆಗಿದೆ.

ಆದರೆ ಬೇಸಗೆಯಲ್ಲಿ ಕೇಳುವ ನಾದವು ಬೇಸಗೆಯಲ್ಲೇ ಸಿದ್ಧವಾದುದಲ್ಲ. ಚೆಂಡೆ ಮದ್ದಳೆಗಳ ಕಳಸೆಗೆ ಹಲಸಿನ ಮರ ಪ್ರಶಸ್ತವೆನ್ನುತ್ತಾರೆ. ಚರ್ಮದ ಮುಚ್ಚಿಗೆಯು ಮಳೆಗಾಲದ ತೇವಕ್ಕೆ ಸಡಿಲಗೊಂಡು, ಬಿಸಿಲಿಗೆ ಬಿಗಿಯಾಗುತ್ತದೆ. ಶ್ರುತಿಯು ಹವೆಯೊಡನೆ ಏರಿಳಿಯುವುದರಿಂದ ವಾದಕನು ಅದನ್ನು ಬಿಡದೆ ನೋಡಿಕೊಳ್ಳಬೇಕಾಗುತ್ತದೆ. ತಿರುಗಾಟ ನಡೆದಿರುವಾಗ ದೊಡ್ಡ ದುರಸ್ತಿಗೆ ಬಿಡುವಿಲ್ಲ. ಮುಚ್ಚಿಗೆಯನ್ನು ಬದಲಿಸುವುದು, ಕರ್ಣೆ ಹಾಕುವುದು, ಎಳೆಯರಿಗೆ ತಾಳ ಕಲಿಸುವುದು ಮುಂತಾದುವಕ್ಕೆ ವಿರಾಮಕಾಲವೇ ಒದಗುತ್ತದೆ. ವೇಷವಿಲ್ಲದೆ ಮಾತು ಹಾಡುಗಳಿಂದಲೇ ನಡೆಯುವ ತಾಳಮದ್ದಳೆಯು ಮಳೆಗಾಲದಲ್ಲಿ ಬೆಳೆದುದರಿಂದ ಭಾಗವತರ ಕಂಠವೂ ಅರ್ಥಧಾರಿಗಳ ಪ್ರತಿಭೆಯೂ ಆ ತಿಂಗಳುಗಳಲ್ಲಿ ಬರಡಾಗಲಿಲ್ಲ. ಹೀಗೆ ನೋಡಿದರೆ ಮುಂದಿನ ಉತ್ಸವಕಾಲದ ಸಿದ್ಧತೆಯು ಪತ್ತನಾಜೆಯ ಮರುದಿನವೇ ಆರಂಭವಾಗುತ್ತದೆನ್ನಬೇಕು. ಗೊನೆ ಮುಹೂರ್ತವು ಅದರ ಕೊನೆಯ ಘಟ್ಟ ಮಾತ್ರ.

4. ಉಪಸಂಹಾರ

ನಮ್ಮ ಶಾಸನಗಳು ದಾನಿಯನ್ನು ಸ್ಮರಿಸಿದಷ್ಟು ವಾದಕನನ್ನು ಸ್ಮರಿಸುವುದಿಲ್ಲ. ಮುಚ್ಚಿಗೆ ಬಿಗಿದವನನ್ನಂತೂ ಸ್ಮರಿಸುವುದು ತೀರ ವಿರಳ. ಬಹುಕಾಲ ಪುತ್ತೂರಿನಲ್ಲಿ ನೆಲಸಿದ್ದ ಶಿವರಾಮ ಕಾರಂತರು ಊರೂರು ಸುತ್ತಿ ಸಾಮಗ್ರಿಯನ್ನು ಕೂಡಿಹಾಕಿದುದರಿಂದಲೇ ‘ಯಕ್ಷಗಾನ ಬಯಲಾಟ’ದಂಥ ಗ್ರಂಥ ಸಾಧ್ಯವಾಯಿತು, 1959ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಆ ಮಾರ್ಗವು ಇಂದಿಗೂ ತೆರೆದೇ ಇದೆ. ಈ ಮೂರು ತಾಲ್ಲೂಕುಗಳ ಕಾಲೇಜುಗಳ ವಿದ್ಯಾರ್ಥಿಗಳು ಜಾತ್ರೆಯ ದಿನ ದೇವಾಲಯಕ್ಕೆ ಹೋಗುವಂತೆ, ಆಟಿಯ ಮಳೆಯಲ್ಲಿ ಒಮ್ಮೆ ವಾದಕರ ಮನೆಯ ಜಗಲಿಗೂ ಹೋಗಿ, ಯಾರಿಂದ ಕಲಿತರು, ಕಳಸೆ ಎಲ್ಲಿಂದ ಬಂತು, ಯಾವ ಸುತ್ತನ್ನು ಯಾರು ನುಡಿಸುತ್ತಿದ್ದರು ಎಂಬುದನ್ನು ಕೇಳಿ ಬರೆದಿಡಲಿ. ಹಿರಿಯರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಕಲ್ಲಿನ ಶಾಸನವನ್ನು ಓದಲು ಮುಂದಿನ ವರ್ಷ ಹೋಗಬಹುದು. ಈ ನೆನಪುಗಳು ಅಷ್ಟು ಕಾಲ ನಮಗಾಗಿ ಕಾಯುತ್ತವೆಂಬ ಭರವಸೆಯಿಲ್ಲ.