ಅಟ್ಟದ ಮೇಲಿನ ಇತಿಹಾಸ

ಕಿತ್ತೂರೆಂದರೆ 1824, ರಾಣಿ ಚೆನ್ನಮ್ಮ, ಪಾಳುಬಿದ್ದ ಅರಮನೆ. ಆದರೆ ಇತಿಹಾಸವೆಂಬುದು ಕೋಟೆಯೊಳಗೆ ಮಾತ್ರ ಇಲ್ಲ, ನಮ್ಮ ಅಟ್ಟದ ಮೇಲೂ ಧೂಳು ತಿನ್ನುತ್ತ ಕೂತಿದೆ.

1983ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ‘ಫ್ಯಾಮಿಕಾಮ್’ ಎಂಬ ಆಟದ ಪೆಟ್ಟಿಗೆಯನ್ನು ಹೊರತಂದಿತು. ತೊಂಬತ್ತರ ದಶಕದಲ್ಲಿ ಅದರ ಅಗ್ಗದ ನಕಲುಗಳು ನಮ್ಮ ಕಡೆಯ ಊರುಗಳಿಗೂ ಬಂದವು. ಮಕ್ಕಳಿಗೆ ಅದು ‘ಟಿವಿ ಗೇಮ್’. ಪರೀಕ್ಷೆ ಬಂತೆಂದರೆ ತಾಯಂದಿರು ಅದನ್ನು ಅಟ್ಟಕ್ಕೇರಿಸುತ್ತಿದ್ದರು.

ಆಟ ಮೂಡದಿದ್ದರೆ ಕ್ಯಾಸೆಟ್ ತೆಗೆದು, ಉಫ್ ಎಂದು ಊದಿ, ಮತ್ತೆ ಹಾಕುವುದು ರೂಢಿ. ಆಟ ಬರುತ್ತಿದ್ದುದು ಉಸಿರಿನಿಂದಲ್ಲ, ಕ್ಯಾಸೆಟ್ ಸರಿಯಾಗಿ ಕೂತದ್ದರಿಂದ. ಬಾಯಿಯ ತೇವ ಲೋಹದ ಹಲ್ಲುಗಳಿಗೆ ಕಿಲುಬು ಹಿಡಿಸುತ್ತಿತ್ತು, ಅಷ್ಟೇ.

ಕಿಲುಬು ನಮಗೆ ಹೊಸದೇ? ಆದರೆ ಇಲ್ಲಿ ಹುಣಸೆಹಣ್ಣು ಬೇಡ, ನೀರೂ ಬೇಡ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿ, ಪೂರ್ತಿ ಆರಲು ಬಿಡಬೇಕು. ಹಳದಿಗಟ್ಟಿದ ಪ್ಲಾಸ್ಟಿಕ್ಕನ್ನು ತಿಕ್ಕಬೇಡಿ. ಅದು ಕೊಳೆಯಲ್ಲ, ಬೆಳಕು ಮತ್ತು ವಯಸ್ಸು ಕೊಟ್ಟ ಬಣ್ಣ.

ದೀಪಾವಳಿಗೆ ಅಟ್ಟ ಇಳಿಸುವವರು ನಾವು. ಗುಜರಿಗೆ ಯಾವುದು, ಉಳಿಯುವುದು ಯಾವುದು ಎಂದು ತೀರ್ಮಾನಿಸುವವರೂ ನಾವೇ. ಅಂದು ಆಡಿದ ಮಕ್ಕಳು ಇಂದು ಪುಣೆ, ಬೆಂಗಳೂರು ಸೇರಿದ್ದಾರೆ. ಹಬ್ಬಕ್ಕೆ ಬಂದಾಗ ತಮ್ಮ ಮಕ್ಕಳಿಗೆ ತೋರಿಸಲು ಆ ಪೆಟ್ಟಿಗೆ ಮನೆಯಲ್ಲಿರಲಿ.